ಹಾಜ್ ಊರಿನ ಭಾನುವಾರದ ಊಟ

ಇಂಗ್ಲೆಂಡಿನ ಲೀಡ್ಸ್ ನಗರದಿಂದ ಉತ್ತರದ ಕಾರ್ಲೈಲ್ ನಗರಕ್ಕೆ ಹೋಗುವ ರೈಲುದಾರಿ ಆ ದೇಶದ ಬಹು ಸುಂದರವಾದ ದಾರಿಗಳಲ್ಲಿ ಒಂದೆಂದು ಹೆಸರು ಪಡೆದಿದೆ. 2023ನೆಯ ಇಸವಿಯ ಅಕ್ಟೋಬರ್ ತಿಂಗಳಿನ ಒಂದು ಶನಿವಾರ ನಾನೂ ನನ್ನ ಮಗಳೂ ಆ ದಾರಿಯಲ್ಲಿ ಹೊರಟೆವು. ಸೆಟ್ಲ್ ಎಂಬ ಊರನ್ನು ದಾಟಿದ ಮೇಲೆ ಮನುಷ್ಯರ ವಾಸ ವಿರಳವಾಗುತ್ತ ಬಂದಿತು. ಗುಡ್ಡದ ಮೇಲೆ ಗುಡ್ಡ; ಗುಡ್ಡಗಳ ಮೈಮೇಲೆಲ್ಲ ಗಾರೆಯಿಲ್ಲದೆ ಬರಿಯ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ ಬೇಲಿಗೋಡೆಗಳು; ಅವುಗಳ ನಡುವೆ ಚೆಲ್ಲಿದ ಹತ್ತಿಯಂತೆ ಕುರಿಗಳು. ರಿಬ್ಬಲ್‌ಹೆಡ್ ಎಂಬಲ್ಲಿ ರೈಲು 24 ಕಮಾನುಗಳ ಕಲ್ಲಿನ ಸೇತುವೆಯನ್ನು ಮೆಲ್ಲನೆ ದಾಟಿತು. ಈ ದಾರಿಯನ್ನು ಪ್ರಯಾಣಿಕರಿಗೆ ತೆರೆದದ್ದು 1876ರಲ್ಲಿ. ಮುಂದೆ ಬರುವ ಡೆಂಟ್ ನಿಲ್ದಾಣವು 1,150 ಅಡಿ ಎತ್ತರದಲ್ಲಿದ್ದು, ಇಂಗ್ಲೆಂಡಿನ ಮುಖ್ಯ ರೈಲುಮಾರ್ಗಗಳ ನಿಲ್ದಾಣಗಳಲ್ಲೆಲ್ಲ ಎತ್ತರವಾದದ್ದಂತೆ. ನಮ್ಮ ಮೈಸೂರು ಅದಕ್ಕೆ ಎರಡರಷ್ಟಕ್ಕಿಂತ ಮಿಗಿಲಾದ ಎತ್ತರದಲ್ಲಿದೆಯೆಂದು ನಾನು ಜಂಬದಿಂದ ಹೇಳಿದೆನು. ಅಷ್ಟರಲ್ಲಿ ಬಾಗಿಲು ತೆರೆದು ಒಳಗೆ ನುಗ್ಗಿದ ಗಾಳಿಗೆ ನನ್ನ ಜಂಬವೆಲ್ಲ ಕಂಬಳಿಯೊಳಗೆ ಸೇರಿತು.

ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಇಳಿದು ಆರು ಮೈಲಿ ಹೋದರೆ ಹಾಜ್ ಎಂಬ ಊರು. ವೆನ್ಸ್ಲಿಡೇಲ್ ಎಂಬ ಕಣಿವೆಯ ಮೇಲ್ತುದಿಯಲ್ಲಿರುವ ಸಂತೆಯ ಊರದು, ಮಂಗಳವಾರ ಸಂತೆ. ಊರ ನಡುವೆಯೇ ಒಂದು ತೊರೆ ಬಂಡೆಗಳ ಮೇಲಿಂದ ಧುಮುಕಿ, ಮನೆಗಳ ಹಿತ್ತಿಲುಗಳನ್ನು ಒರಸಿಕೊಂಡು ಹೋಗುತ್ತದೆ. ಹಾಲು, ಗಿಣ್ಣು, ಕುರಿಯ ಉಣ್ಣೆ ಇವೇ ಈ ಕಡೆಯ ಜೀವನ. ಈ ಕಣಿವೆಯ ಹೆಸರಿನ ಗಿಣ್ಣು ಇಂಗ್ಲೆಂಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ನಮ್ಮ ಹಸು ಈದಾಗ ಮಾಡುವ ಗಿಣ್ಣಲ್ಲ. ಹಾಲನ್ನು ಒಡೆಸಿ, ಹಿಂಡಿ, ತಿಂಗಳುಗಟ್ಟಲೆ ಇಟ್ಟು ಪಕ್ವಮಾಡಿದ ಚೀಸು.

ನನ್ನ ಮಗಳು ಲೀಡ್ಸಿನಲ್ಲಿ ವೈದ್ಯಳಾಗಿದ್ದಾಳೆ. ಅವಳ ಜೊತೆಯಲ್ಲಿ ಕೆಲಸಮಾಡುವ ಗೆಳತಿಯೊಬ್ಬಳ ತವರು ಹಾಜ್. ಆಕೆಯ ತಾಯಿ ನಮ್ಮನ್ನು ಭಾನುವಾರದ ಊಟಕ್ಕೆ ಕರೆದಿದ್ದರು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಮಾಂಸದ ರೂಢಿಯಿಲ್ಲ. ಮೊಟ್ಟೆಯ ಮಟ್ಟಿಗೆ ಮಾತ್ರ ನಾನು ವಯಸ್ಸಾದ ಮೇಲೆ ಸಡಿಲವಾಗಿದ್ದೇನೆ. ಯಾರ್ಕ್‌ಷೈರಿನ ಭಾನುವಾರದ ಊಟವೆಂದರೆ ಗೋಮಾಂಸದ ದೊಡ್ಡ ತುಂಡೊಂದನ್ನು ಇಡಿಯಾಗಿ ಸುಟ್ಟು ಬೇಯಿಸಿದ ರೋಸ್ಟು. ಈ ಪತ್ರಿಕೆಯನ್ನು ಮನೆಮಂದಿಯೆಲ್ಲ ಕುಳಿತು ಓದುವ ಕಡೆ ಇದರ ಪ್ರಸ್ತಾಪವೇ ಕೆಲವರಿಗೆ ಹಿಡಿಸದೆ ಹೋದೀತು. ಅಂಥವರು ಮನ್ನಿಸಬೇಕು. ಆ ಅಡಿಗೆಮನೆಯಲ್ಲಿ ನಾನು ಕಂಡದ್ದು ಒಬ್ಬ ಗೃಹಿಣಿಯ ಕಷ್ಟವನ್ನು. ಅನ್ನ ಉದುರಾಗಿರಬೇಕೆನ್ನುವ ಮಾವನಿಗೂ ಮೆತ್ತಗಿರಬೇಕೆನ್ನುವ ಅತ್ತೆಗೂ ಒಂದೇ ತಪ್ಪಲೆಯಿಂದ ಬಡಿಸಿರುವ ನಮ್ಮ ಹೆಣ್ಣುಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಮನೆಯೊಡತಿಗೆ ಎಪ್ಪತ್ತೈದು ವರ್ಷವಿರಬಹುದು. ಗಂಡ ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದವು. ಶನಿವಾರ ಸಾಯಂಕಾಲ ನಾವು ಅಡಿಗೆಮನೆಗೆ ಕಾಲಿಟ್ಟಾಗ ಆಕೆ ಮೇಜಿನ ಮೇಲೆ ನಾಲ್ಕು ಪಕ್ಕೆಲುಬುಗಳಿದ್ದ ಮಾಂಸದ ತುಂಡಿಗೆ ಉಪ್ಪನ್ನು ಹಚ್ಚುತ್ತಿದ್ದರು. ತೂಕ ನಾಲ್ಕೂವರೆ ಕಿಲೋ. ಒಂದು ಕಡೆ ದಪ್ಪ, ಇನ್ನೊಂದು ಕಡೆಗೆ ಬರುತ್ತ ಸಣ್ಣ. ಹಿಂದಿನ ರಾತ್ರಿಯೇ ಉಪ್ಪು ಹಚ್ಚಿಟ್ಟರೆ ಒಳಗಿನವರೆಗೆ ಇಳಿಯುತ್ತದೆ, ಮೇಲುಮೈ ಒಣಗಿ ಚೆನ್ನಾಗಿ ಕಂದುಬಣ್ಣಕ್ಕೆ ಬರುತ್ತದೆ ಎಂದರು. ಮರುದಿನ ಎಷ್ಟು ಜನವೆಂದು ಕೇಳಿದೆನು. ಒಂಬತ್ತು ಜನ, ನಮ್ಮಿಬ್ಬರನ್ನು ಬಿಟ್ಟು ಮಾಂಸ ತಿನ್ನುವವರು ಏಳು. ಆಕೆ ಬೆರಳು ಮಡಿಸಿ ಎಣಿಸಿದರು. ಮಗನಿಗೆ ನಡುವೆ ಕೆಂಪಗೇ ಇರಬೇಕು, ಬೆಂದಿತೆಂಬ ಹೆಸರಿಗೆ ಮಾತ್ರ ಬೆಂದಿರಬೇಕು. ಮಗಳಿಗೂ ನೆರೆಮನೆಯ ಮುದುಕರಿಗೂ ಗುಲಾಬಿಯ ಬಣ್ಣ. ಸೊಸೆ ಬಸುರಿ, ಆಕೆಗೆ ಕೆಂಪು ಎಳೆಯೂ ಕೂಡದು. ಮೊಮ್ಮಗನಿಗೆ ಹೊರಗಿನ ಗರಿಗರಿಯಾದ ಅಂಚು ಮಾತ್ರ. "ನನ್ನ ಅಣ್ಣನಿಗೆ ಪೂರ್ತಿ ಕಂದು, ನಡುವಿನಲ್ಲೂ ಕಂದು." ಇದನ್ನು ಹೇಳುವಾಗ ಆಕೆಯ ಬೆರಳು ಸ್ವಲ್ಪ ತಡೆಯಿತು.

"ತಮಗೆ?" ಎಂದೆನು.

"ನನಗೇನು, ಉಳಿದದ್ದು" ಎಂದರು. ನಾನೂ ಮಗಳೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನಮ್ಮ ತಾಯಂದಿರು ಎಷ್ಟು ಸಲ ಹೇಳಿದ್ದ ಮಾತದು!

ಅಣ್ಣನ ಕಥೆ ಆಲೂಗಡ್ಡೆ ಸುಲಿಯುವಾಗ ತಿಳಿಯಿತು. ಆತನಿಗೆ ಎಪ್ಪತ್ತೊಂಬತ್ತು ವರ್ಷ. ಕಣಿವೆಯಲ್ಲಿ ಇನ್ನೂ ಮೇಲೆ ಒಂಟಿಮನೆಯಲ್ಲಿ ಒಬ್ಬರೇ ಇದ್ದಾರೆ. ಹುಟ್ಟಿದ್ದು ಯುದ್ಧಕಾಲದಲ್ಲಿ. ಬ್ರಿಟನ್ನಿನಲ್ಲಿ ಮಾಂಸದ ಪಡಿತರ 1940ರಲ್ಲಿ ಆರಂಭವಾದದ್ದು 1954ರ ಜುಲೈವರೆಗೂ ನಡೆಯಿತು. ಆತನಿಗೆ ಹತ್ತು ವರ್ಷವಾಗುವವರೆಗೆ ಮನೆಗೆ ಬರುತ್ತಿದ್ದುದು ಅಂಗೈಯಗಲದ ತುಂಡು. ತಾಯಿ ಅದನ್ನು ಗಂಟೆಗಟ್ಟಲೆ ಬೇಯಿಸಿ, ರಸವನ್ನೆಲ್ಲ ಗ್ರೇವಿಗೆ ಇಳಿಸಿ, ಎಳೆಎಳೆಯಾಗಿ ಮಾಡಿ ಎಲ್ಲರಿಗೂ ಹಂಚುತ್ತಿದ್ದರು. ಆ ಹದವೇ ಆತನ ನಾಲಿಗೆಗೆ ನಿಂತಿತು. ದೊಡ್ಡವರಾಗಿ ಹಾಲಿನ ಹಸುಗಳನ್ನು ಸಾಕಿದರು. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಬಂದು, ರೋಗ ಹರಡದಂತೆ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರು. ಆತನ ಹಟ್ಟಿಯೂ ಒಂದೇ ದಿನದಲ್ಲಿ ಬರಿದಾಯಿತು. ಮತ್ತೆ ಹಸುವನ್ನು ಕಟ್ಟಲಿಲ್ಲ. ಈಗ ಕೋಳಿಗಳಿವೆ, ಒಂದು ನಾಯಿಯಿದೆ.

ಮನೆಯೊಡತಿಯ ಗಂಡ ಒಳ್ಳೆಯವರೇ. ಆದರೆ ಮಾಂಸವನ್ನು ಕತ್ತರಿಸಲು ಮೇಜಿನ ತಲೆಯಲ್ಲಿ ನಿಂತರೆಂದರೆ ಬಾಯಿಗೆ ಕಡಿವಾಣವಿರುತ್ತಿರಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, ಯಾವ ಹದ ಬೇಕೆಂದು ಕೇಳುವುದು. ಭಾವಮೈದನ ಸರದಿ ಬಂದಾಗ ಅವನ ತುಂಡನ್ನು ಚಿಮುಟದಲ್ಲಿ ಹಿಡಿದು ಬಾಣಲೆಗೆ ಹಾಕಿ, ಚಪ್ಪಲಿಯ ಅಟ್ಟೆ ತಯಾರಾಗುತ್ತಿದೆ ಎನ್ನುವುದು. ಹಾಗೆ ಹಲವು ವರ್ಷ ನಡೆಯಿತು. 2015ರಲ್ಲಿ ಒಂದು ದಿನ, ಜನ್ಮವೆಲ್ಲ ದನ ಸಾಕಿದವನಿಗೆ ದನದ ಮಾಂಸದ ಹದ ತಿಳಿಯದೆ ಹೋಯಿತಲ್ಲ ಎಂದು ನಗೆಯಾಡಿದರು. ಎಲ್ಲರೂ ನಕ್ಕರು. ಅಣ್ಣ ಕೈವಸ್ತ್ರವನ್ನು ಮಡಿಸಿಟ್ಟು ಎದ್ದುಹೋದವರು ಆ ಮೇಜಿಗೆ ತಿರುಗಿ ಬರಲಿಲ್ಲ. ಭಾವನ ಸಂಸ್ಕಾರದ ದಿನ ಬಂದು, ಬಾಗಿಲಲ್ಲೇ ನಿಂತು, ತಂಗಿಯ ಕೈಹಿಡಿದು ಹೊರಟುಹೋದರಂತೆ. ಎಂಟು ವರ್ಷದ ಮೇಲೆ ನಾಳೆ ಬರುತ್ತೇನೆಂದು ಒಪ್ಪಿದ್ದರು.

"ಅವನ ಪಾಲನ್ನು ಮೊದಲೇ ಕತ್ತರಿಸಿ ಬೇರೆಯಾಗಿ ಬೇಯಿಸಿಬಿಡಬಹುದಲ್ಲ?" ಎಂದಳು ನನ್ನ ಮಗಳು. ವೈದ್ಯರ ಬುದ್ಧಿ.

"ಬೇಯಿಸಬಹುದು. ಅದಕ್ಕೂ ಬಾಣಲೆಗೂ ಏನು ಭೇದ? ನಾಳೆ ಎಲ್ಲರ ತುಂಡಿನಿಂದಲೇ ಅವನೂ ತಿನ್ನಬೇಕು, ಯಾರೂ ಕೇಳಬಾರದು, ಅವನೂ ಹೇಳಬಾರದು" ಎಂದು ಆಕೆ ಮಾಂಸವನ್ನು ತಣ್ಣನೆಯ ಕೋಣೆಗೆ ಒಯ್ದರು.

ಇಂಗ್ಲಿಷರಿಗೆ ಈ ರೋಸ್ಟಿನ ಮೇಲಿರುವ ಅಭಿಮಾನ ಬಹಳ ಹಳೆಯದು. ಫ್ರೆಂಚರು ಅವರನ್ನು ಹಾಸ್ಯಕ್ಕೆ 'ರೋಸ್‌ಬಿಫ್' ಎಂದೇ ಕರೆಯುತ್ತಾರೆ. 1748ರಲ್ಲಿ ಹೊಗಾರ್ತ್ ಎಂಬ ಚಿತ್ರಕಾರ ಫ್ರಾನ್ಸಿನ ಕ್ಯಾಲೆ ಪಟ್ಟಣದ ಹೆಬ್ಬಾಗಿಲನ್ನು ಬರೆದಾಗ, ನಡುವೆ ಇಂಗ್ಲಿಷರಿಗಾಗಿ ತಂದ ಮಾಂಸದ ದೊಡ್ಡ ತುಂಡನ್ನೂ ಅದನ್ನು ಆಸೆಯಿಂದ ನೋಡುವ ಫ್ರೆಂಚರನ್ನೂ ಬರೆದು ಸೇಡು ತೀರಿಸಿಕೊಂಡನು. ಆಗ ರೋಸ್ಟೆಂದರೆ ಪೆಟ್ಟಿಗೆಯಂಥ ಓವನ್ನಿನಲ್ಲಿ ಬೇಯಿಸುವುದಲ್ಲ. ಉರಿಯುವ ಬೆಂಕಿಯ ಎದುರಿಗೆ ಕಬ್ಬಿಣದ ಸಲಾಕಿಗೆ ಚುಚ್ಚಿ ತಿರುಗಿಸುತ್ತಿರುವುದು. ಅದನ್ನು ತಿರುಗಿಸಲು ಗಿಡ್ಡಕಾಲಿನ ನಾಯಿಯೊಂದನ್ನು ಗೋಡೆಯ ಮೇಲಿನ ಚಕ್ರದೊಳಗೆ ಬಿಟ್ಟು ಓಡಿಸುತ್ತಿದ್ದರು. ಆ ಜಾತಿಯ ನಾಯಿ ಈಗಿಲ್ಲ. ವೇಲ್ಸಿನ ಅಬರ್ಗವೆನ್ನಿಯ ವಸ್ತುಸಂಗ್ರಹಾಲಯದಲ್ಲಿ ಒಂದರ ಒಣಗಿದ ದೇಹವನ್ನು ತುಂಬಿಸಿಟ್ಟಿದ್ದಾರೆ. ಪಾಪ, ಬೆಂಕಿಯ ಬಳಿ ವಾಸನೆ ಹಿಡಿಯುತ್ತ ಓಡಿ ಓಡಿ ಎಲ್ಲಿಗೂ ತಲಪದ ಪ್ರಾಣಿ! ಸಲಾಕಿಯ ಕೆಳಗೆ ತೊಟ್ಟಿಕ್ಕುವ ಕೊಬ್ಬಿಗೆ ತಟ್ಟೆಯನ್ನೊಡ್ಡಿ, ಅದರಲ್ಲಿ ಮೈದಾ, ಮೊಟ್ಟೆ, ಹಾಲು ಕಲಸಿದ ನೀರುಹಿಟ್ಟನ್ನು ಹೊಯ್ದು ಬೇಯಿಸಿದ್ದೇ ಯಾರ್ಕ್‌ಷೈರ್ ಪುಡ್ಡಿಂಗು. 1747ರಲ್ಲಿ ಹನ್ನಾ ಗ್ಲಾಸ್ ಎಂಬಾಕೆ ಅಚ್ಚು ಮಾಡಿಸಿದ ಪಾಕಪುಸ್ತಕದಲ್ಲಿ ಅದಕ್ಕೆ ಈ ಹೆಸರು ಬಂದಿದೆ. ಅದನ್ನು ಮೊದಲು ಗ್ರೇವಿಯೊಡನೆ ಬಡಿಸಿ ಹೊಟ್ಟೆಯನ್ನು ಅರ್ಧ ತುಂಬಿಸಿದರೆ ಬೆಲೆಯ ಮಾಂಸ ಉಳಿಯುತ್ತದೆಂಬುದು ಯಾರ್ಕ್‌ಷೈರಿನ ಮಿತವ್ಯಯ. ನಮ್ಮಲ್ಲಿಯೂ ತೊವ್ವೆ ಕಡಮೆಯಾದ ದಿನ ಸಾರನ್ನು ಎರಡು ಸಲ ವಿಚಾರಿಸುವುದುಂಟು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆಲ್ಲ ಆಕೆ ಅಡಿಗೆಮನೆಯಲ್ಲಿದ್ದರು. ಮಾಂಸವನ್ನು ಹೊರಗೆ ತೆಗೆದಿಟ್ಟು ಚಳಿ ಬಿಡಿಸಿದರು. ಒಂಬತ್ತೂಮುಕ್ಕಾಲಿಗೆ 230 ಡಿಗ್ರಿಗೆ ಕಾದ ಓವನ್ನಿನೊಳಕ್ಕೆ ಇಟ್ಟರು. ಇಡುವಾಗ ಸಣ್ಣದಾದ ತುದಿಯನ್ನು ಹಿಂದಿನ ಎಡಮೂಲೆಗೆ ತಿರುಗಿಸಿದರು. ಆ ಮೂಲೆಯಲ್ಲಿ ಮೂವತ್ತು ವರ್ಷಗಳಿಂದ ಆಕೆಯ ಕೇಕುಗಳು ಸೀಯುತ್ತ ಬಂದಿವೆಯಂತೆ. ಇಪ್ಪತ್ತೈದು ನಿಮಿಷದ ಮೇಲೆ ಉರಿಯನ್ನು 160ಕ್ಕೆ ಇಳಿಸಿದರು.

ಈಚೆಗೆ ಹೋಟೆಲುಗಳಲ್ಲಿ ನೂರು, ನೂರಹತ್ತು ಡಿಗ್ರಿಯ ಮೆಲ್ಲಗಿನ ಕಾವಿನಲ್ಲಿ ಬಹಳ ಹೊತ್ತು ಬೇಯಿಸುತ್ತಾರೆ. ಆಗ ಅಂಚಿನಿಂದ ಅಂಚಿಗೆ ಒಂದೇ ಗುಲಾಬಿ ಬಣ್ಣ ಬರುತ್ತದೆ. ಅದನ್ನೇ ಈಗ ಜಾಣತನವೆನ್ನುತ್ತಾರೆ. ಮಗ ಹಾಗೆ ಮಾಡೆಂದು ಫೋನಿನಲ್ಲಿ ಹೇಳಿದ್ದನಂತೆ. "ಎಲ್ಲರ ಅಭಿಪ್ರಾಯವೂ ಒಂದಾಗಿರುವ ಮನೆಗೆ ಅದು ಸರಿ" ಎಂದರು ಆಕೆ. ಬಿರುಸಾದ ಉರಿಯಲ್ಲಿ ಹೊರಗಿನ ಕಾವು ಒಳಗೆ ಸೇರುವಷ್ಟರಲ್ಲಿ ಅಂಚು ಕಂದಾಗಿರುತ್ತದೆ, ಅದರೊಳಗೆ ಬೂದು, ಅದರೊಳಗೆ ಗುಲಾಬಿ, ನಟ್ಟನಡುವೆ ಕೆಂಪು. ಪಾಕಶಾಸ್ತ್ರಜ್ಞರು ದೋಷವೆನ್ನುವ ಈ ಏರುಪೇರೇ ಆಕೆಗೆ ಬೇಕಾಗಿದ್ದ ಗುಣ. ಒಂದೇ ತುಂಡಿನಲ್ಲಿ ಎಲ್ಲ ಹದಗಳೂ ಸಿಕ್ಕುತ್ತವೆ. ಎಲ್ಲಿ ಯಾವುದಿದೆಯೆಂದು ಕತ್ತಿ ಹಿಡಿದವರಿಗೆ ತಿಳಿದಿದ್ದರೆ ಸರಿ.

ಕೆಂಪೆಂದರೆ ರಕ್ತವೆಂದು ನಾನು ನಂಬಿದ್ದೆನು. ಹಾಗಲ್ಲವೆಂದು ನನ್ನ ಮಗಳು ತಿದ್ದಿದಳು. ಸ್ನಾಯುವಿನಲ್ಲಿ ಪ್ರಾಣವಾಯುವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ವಸ್ತುವಿನ ಬಣ್ಣವದು. ಒಳಗಿನ ಕಾವು 50 ಡಿಗ್ರಿಯ ಆಚೀಚೆ ಇರುವಾಗ ಅದು ಕೆಂಪಾಗಿಯೇ ಇರುತ್ತದೆ. 60ರ ಸುಮಾರಿಗೆ ಬಣ್ಣಗೆಡಲು ತೊಡಗಿ, 70 ದಾಟಿದರೆ ಪೂರ್ತಿ ಕಂದಾಗುತ್ತದೆ. ಇಡೀ ತುಂಡಿನಲ್ಲಿ ರೋಗಾಣುಗಳು ಇರುವುದು ಮೇಲುಮೈಯಲ್ಲಿ. ಹೊರಮೈ ಚೆನ್ನಾಗಿ ಸುಟ್ಟರೆ ಒಳಗೆ ಕೆಂಪಿದ್ದರೂ ಆರೋಗ್ಯವಂತರಿಗೆ ಬಾಧೆಯಿಲ್ಲವೆನ್ನುತ್ತಾರೆ. ಕೊಚ್ಚಿದ ಮಾಂಸಕ್ಕೂ ಸುರುಳಿ ಸುತ್ತಿ ಕಟ್ಟಿದ ಮಾಂಸಕ್ಕೂ ಈ ಮಾತು ಸಲ್ಲದು, ಹೊರಗಿನದು ಅಲ್ಲಿ ಒಳಗೆ ಸೇರಿಬಿಟ್ಟಿರುತ್ತದೆ. ಬಸುರಿಯರು ಮಾತ್ರ ಅರೆಬೆಂದದ್ದನ್ನು ಮುಟ್ಟಬಾರದೆಂದು ಅಲ್ಲಿನ ವೈದ್ಯರು ವಿಧಿಸುತ್ತಾರೆ.

ಹನ್ನೆರಡೂಕಾಲಿಗೆ ಆಕೆ ಮಾಂಸದ ನಡುವಿಗೆ ಮೊಳೆಯಂಥ ಉಷ್ಣಮಾಪಕವನ್ನು ಚುಚ್ಚಿದರು. ಮುಳ್ಳು 49ರಲ್ಲಿ ನಿಂತಿತು. ಕೂಡಲೇ ತುಂಡನ್ನು ಹೊರಗೆ ತೆಗೆದು ಹಲಗೆಯ ಮೇಲಿಟ್ಟು, ಅಲ್ಯುಮಿನಿಯಂ ಹಾಳೆ ಹೊದಿಸಿ, ಮೇಲೆ ಎರಡು ಟವಲುಗಳನ್ನು ಮುಚ್ಚಿದರು. ಇದು ಮಗನ ಹದವಾಯಿತು, ಉಳಿದವರದ್ದಲ್ಲವಲ್ಲ ಎಂದೆನು. ಹಸಿಯಾಗಿರುವುದನ್ನು ಮುಂದೆ ಬೇಯಿಸಬಹುದು, ಬೆಂದದ್ದನ್ನು ಹಸಿ ಮಾಡುವುದು ಯಾರಿಂದಾದೀತು ಎಂದು ಆಕೆ ನಕ್ಕರು. ಆದ್ದರಿಂದ ಎಲ್ಲರಿಗಿಂತ ಕಡಮೆ ಬೆಂದದ್ದನ್ನು ಕೇಳುವವನ ಹದಕ್ಕೆ ಒಲೆಯಿಂದ ಇಳಿಸಬೇಕು. ಅಷ್ಟು ಹೇಳಿ ಮುಳ್ಳನ್ನು ನೋಡೆಂದರು. ನಾನು ಕುರ್ಚಿ ಎಳೆದುಕೊಂಡು ಕುಳಿತೆನು. ಒಲೆಯಿಲ್ಲ, ಉರಿಯಿಲ್ಲ, ಮುಳ್ಳು 50, 51 ಎಂದು ಏರುತ್ತಲೇ ಹೋಗಿ ಮುಕ್ಕಾಲು ಗಂಟೆಯಲ್ಲಿ 55ಕ್ಕೆ ಬಂದಿತು! ಹೊರಪದರದಲ್ಲಿ ಸೇರಿದ್ದ ಕಾವು ಒಳಗೆ ಇಳಿಯುತ್ತಿತ್ತು. ನಮ್ಮ ಮನೆಯ ಮೈಸೂರುಪಾಕು ನೆನಪಾಯಿತು: ತಟ್ಟೆಗೆ ಸುರಿದ ಮೇಲೂ ನಡುಭಾಗ ತನ್ನ ಕಾವಿನಲ್ಲೇ ಬೆಂದು ಕೆಂಪಗಾಗುವುದಿಲ್ಲವೆ? ಅದನ್ನು ಲೆಕ್ಕಹಾಕದೆ ಇಳಿಸಿದವರ ಪಾಕು ಕಲ್ಲಾಗುತ್ತದೆ.

ಖಾಲಿಯಾದ ಓವನ್ನಿಗೆ ಆಲೂಗಡ್ಡೆ ಹೋಯಿತು. ನಮಗಾಗಿ ಎಣ್ಣೆಯಲ್ಲಿ ಬೇರೆ ತಟ್ಟೆ. ಪುಡ್ಡಿಂಗಿನ ಹಿಟ್ಟು ಜಗ್ಗಿನಲ್ಲಿ ಸಿದ್ಧವಾಗಿತ್ತು.

ಊಟ ಒಂದು ಗಂಟೆಗೆಂದು ಗೊತ್ತಾಗಿತ್ತು. ಒಂದು ಹೊಡೆಯಿತು. ಮಗ, ಸೊಸೆ, ಹುಡುಗ, ನೆರೆಯ ಮುದುಕರು ಎಲ್ಲರೂ ಬಂದಿದ್ದರು, ಅಣ್ಣ ಬರಲಿಲ್ಲ. ಒಂದೂಕಾಲು. ಮಾಂಸ ಟವಲಿನಡಿಯಲ್ಲಿ ಕಾಯಬಲ್ಲದು, ಪುಡ್ಡಿಂಗು ಕಾಯಲಾರದು. ಓವನ್ನಿನಿಂದ ತೆಗೆದ ಗಳಿಗೆಯಲ್ಲಿ ಬುಟ್ಟಿಯಂತೆ ಉಬ್ಬಿರುವುದು ಐದು ನಿಮಿಷದಲ್ಲಿ ಕುಗ್ಗಿಹೋಗುತ್ತದೆ. ಆದುದರಿಂದ ಆಕೆ ಹಿಟ್ಟನ್ನು ಹೊಯ್ಯದೆ, ಜಗ್ಗಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಅವರು ಬರುವುದಿಲ್ಲಮ್ಮ, ಕುಳಿತುಬಿಡೋಣ" ಎಂದನು ಮಗ. ಆಕೆ ಉತ್ತರ ಕೊಡಲಿಲ್ಲ. ಆಗ ನೆರೆಯ ಮುದುಕರು ಮೆಲ್ಲನೆ, ತಾವು ಬರುವಾಗ ಬೀದಿಯ ಕೊನೆಯಲ್ಲಿ ಅಣ್ಣನ ಗಾಡಿ ನಿಂತಿತ್ತೆಂದೂ, ಆತ ಅದರೊಳಗೆ ಕುಳಿತಿದ್ದರೆಂದೂ, ಮಾತಾಡಿಸುವುದು ಸರಿಯಲ್ಲವೆಂದು ತಾವು ಹಾಗೇ ಬಂದರೆಂದೂ ಹೇಳಿದರು.

ಮನೆಯೊಡತಿ ಜಗ್ಗನ್ನೆತ್ತಿ ಕಾದ ಅಚ್ಚುಗಳಿಗೆ ಹಿಟ್ಟನ್ನು ಹೊಯ್ದೇಬಿಟ್ಟರು. ಅದು ಬೇಯಲು ಇಪ್ಪತ್ತೈದು ನಿಮಿಷ ಬೇಕು. ಅಷ್ಟೇ ಅವಕಾಶವೆಂದು ಆತನಿಗೆ ಮನಸ್ಸಿನಲ್ಲೇ ತಿಳಿಸಿದಂತೆ ನನಗೆ ತೋರಿತು. ಹತ್ತು ನಿಮಿಷವಾಗಿರಬಹುದು, ಮುಂಬಾಗಿಲು ಸದ್ದಾಯಿತು. ಎತ್ತರವಾದ, ಸ್ವಲ್ಪ ಬಾಗಿದ ಮುದುಕರು ಟೋಪಿಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದರು. ತಡವಾಯಿತೆಂದು ಅವರು ಹೇಳಲಿಲ್ಲ, ಏಕೆ ತಡವೆಂದು ಯಾರೂ ಕೇಳಲಿಲ್ಲ.

ಗಂಡನ ಉದ್ದ ಚೂರಿಯನ್ನು ಆಕೆ ಮೇಜಿನ ಬಳಿಗೆ ತರಲೇ ಇಲ್ಲ. ಅಡಿಗೆಮನೆಯಲ್ಲೇ ನಿಂತು, ಎಲುಬುಗಳ ಗುಂಟ ಚೂರಿಯೆಳೆದು ಅವನ್ನು ಬೇರೆ ಮಾಡಿ, ಮೂಲೆಯಲ್ಲಿ ಸುಟ್ಟ ಸಣ್ಣ ತುದಿಯಿಂದ ಆರಂಭಿಸಿ ಹೋಳುಗಳನ್ನು ಕೊಯ್ದರು. ಮೊದಲನೆಯವು ಪೂರ್ತಿ ಕಂದು, ಬರುಬರುತ್ತ ನಡುವೆ ಗುಲಾಬಿ, ದಪ್ಪಭಾಗದಲ್ಲಿ ಕೆಂಪು. ಎಲ್ಲವನ್ನೂ ಬಿಸಿಮಾಡಿದ ಉದ್ದ ಹರಿವಾಣದಲ್ಲಿ ಅದೇ ಕ್ರಮದಲ್ಲಿ ಒಂದರ ಮೇಲೊಂದು ಒರಗಿಸಿದರು. ಸೊಸೆಯ ಪಾಲಿನ ಎರಡು ಹೋಳುಗಳನ್ನು ಕುದಿಯುವ ಗ್ರೇವಿಯಲ್ಲಿ ಕೆಂಪು ಎಳೆ ಉಳಿಯದಂತೆ ಎರಡು ಮೂರು ನಿಮಿಷ ಬೇಯಿಸಿದರು. ಆಕೆಯೇ ಬಂದು ನೋಡಿ ಒಪ್ಪಿ ತಟ್ಟೆಗೆ ಹಾಕಿಸಿಕೊಂಡಳು. ಹುಡುಗನಿಗೆ ಹೊರ ಅಂಚಿನ ಚೂರುಗಳು ಬಟ್ಟಲಲ್ಲಿ ಬಂದವು.

ಅಣ್ಣನನ್ನು ಆಕೆ ತಮ್ಮ ಎಡಗಡೆಗೇ ಕೂರಿಸಿಕೊಂಡಿದ್ದರು. ಹರಿವಾಣ ಎಡಗಡೆಯಿಂದ ಸುತ್ತಲು ಹೊರಟಿತು. ಕಂದು ತುದಿ ಆತನ ಕಡೆಗೇ ತಿರುಗಿತ್ತು. ಆತ ಹರಿವಾಣವನ್ನು ಹಿಡಿದು ಒಂದು ಕ್ಷಣ ನೋಡಿದರು. ಮೇಜಿನ ತಲೆಯ ಬರಿದಾದ ಕುರ್ಚಿಯ ಕಡೆಗೂ ಒಮ್ಮೆ ನೋಡಿದರು. ಬಳಿಕ ಮೊದಲಿನ ಎರಡು ಹೋಳುಗಳನ್ನು ತಟ್ಟೆಗೆ ಹಾಕಿಕೊಂಡು ಹರಿವಾಣವನ್ನು ಮುಂದಕ್ಕೆ ದಾಟಿಸಿದರು. ಅದು ಸುತ್ತಿ ಮಗನ ಬಳಿಗೆ ಬಂದಾಗ ಕೆಂಪಾದ ಹೋಳುಗಳೆಲ್ಲ ಅವನಿಗಾಗಿಯೇ ಕಾದಿದ್ದವು. ಯಾರ ಹದ ಯಾವುದೆಂಬ ಮಾತೇ ಆ ಮೇಜಿನಲ್ಲಿ ಹುಟ್ಟಲಿಲ್ಲ. ಮನೆಯೊಡತಿಗೆ ಕಡೆಯಲ್ಲಿ ಉಳಿದದ್ದು ಗುಲಾಬಿಯೂ ಕಂದೂ ಬೆರೆತ ಒಂದು ಹೋಳು. ಅದೇ ತಮಗೆ ಪ್ರಿಯವೆಂದು ನಂಬುವಂತೆ ತಿಂದರು.

ನಮ್ಮ ತಟ್ಟೆಗಳಲ್ಲಿ ಎಣ್ಣೆಯಲ್ಲಿ ಬೆಂದ ಪುಡ್ಡಿಂಗು, ಈರುಳ್ಳಿಯ ಗ್ರೇವಿ, ಆಲೂಗಡ್ಡೆ, ಕ್ಯಾರೆಟ್ಟು, ಕೋಸು. ಪುಡ್ಡಿಂಗು ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಉಪ್ಪು ಖಾರಗಳನ್ನು ಬಿಟ್ಟರೆ ನಮ್ಮ ಪಡ್ಡಿಗೆ ದೂರದ ನೆಂಟನೆನ್ನಬಹುದು. ಮಾಂಸಕ್ಕೆ ಹಚ್ಚಿಕೊಳ್ಳುವ ಹಾರ್ಸ್‌ರ್‍ಯಾಡಿಷ್ ಎಂಬ ಬಿಳಿಯ ಬೇರಿನ ಗೊಜ್ಜನ್ನು ನಾನು ಆಲೂಗಡ್ಡೆಗೆ ಹಚ್ಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡೆನು. ಅಣ್ಣ ಅದನ್ನು ಕಂಡು ಮೊದಲ ಬಾರಿಗೆ ನಕ್ಕರು. ನಮ್ಮ ಊರಿನಲ್ಲಿ ಯಾವ ತಳಿಯ ಹಸುಗಳೆಂದು ವಿಚಾರಿಸಿದರು. ಹಳ್ಳಿಕಾರ್, ಅಮೃತಮಹಲ್ ತಳಿಗಳ ವಿಷಯ ಹೇಳಿದೆನು: ಹಾಲು ಸ್ವಲ್ಪ, ನಡಿಗೆ ಬಹಳ. ಆತ ತಮ್ಮ ಸತ್ತ ಹಸುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಇಪ್ಪತ್ತೆರಡು ವರ್ಷವಾಗಿದ್ದರೂ ಒಂದೂ ಮರೆತಿರಲಿಲ್ಲ. ಮಾತಿನ ನಡುವೆ ಹರಿವಾಣ ಎರಡನೆಯ ಸಲ ಬಂದಿತು. ಕಂದು ತುದಿ ಮುಗಿದುಹೋಗಿತ್ತು. ಮನೆಯೊಡತಿಯ ಕೈ ಹರಿವಾಣದ ಅಂಚಿನಲ್ಲೇ ನಿಂತಿತು. ಅಣ್ಣ, ಅಂಚು ಕಂದಾಗಿ ನಡುವೆ ತೆಳುವಾಗಿ ಗುಲಾಬಿಯಿದ್ದ ಒಂದು ಹೋಳನ್ನು ಎತ್ತಿಕೊಂಡು, ಮೇಲೆ ಬಿಸಿ ಗ್ರೇವಿಯನ್ನು ಧಾರಾಳವಾಗಿ ಸುರಿದು, ಹಸುವಿನ ಹೆಸರನ್ನು ಮುಂದುವರಿಸಿದರು.

ಸಾಯಂಕಾಲ ಆತ ಹೊರಡುವಾಗ ತಂಗಿ ಎಲುಬುಗಳನ್ನು ನಾಯಿಗೆಂದು ನೀಲಿ ಅಂಚಿನ ಪಿಂಗಾಣಿ ಪಾತ್ರೆಯಲ್ಲಿ ಹಾಕಿಕೊಟ್ಟರು. ಕಾಗದದಲ್ಲಿ ಸುತ್ತಿಕೊಟ್ಟರೂ ಆಗುತ್ತಿತ್ತು. ಒಳ್ಳೆಯ ಪಾತ್ರೆಯನ್ನೇ ಏಕೆ ಆರಿಸಿದರೆಂದು ನಾನು ಕೇಳಲಿಲ್ಲ. ಮುಂದಿನ ವಾರ ಲೀಡ್ಸಿನಲ್ಲಿ ಮಗಳ ಗೆಳತಿ ಹೇಳಿದಳು: ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಪಾತ್ರೆ ಹಿಂದಿರುಗಿತಂತೆ, ಒಳಗೆ ಆರು ಮೊಟ್ಟೆಗಳಿದ್ದವಂತೆ.